ಪ್ರಥಮ ದರ್ಜೆಯ ಸಂಬಂಧಿಕರು

ಬೆಳಗಾವಿ
12 ಅಕ್ಟೋಬರ್ 2025, ರವಿವಾರ

ಪ್ರೀತಿಯ ಸಾಕ್ಷಿ ಅಕ್ಕನಿಗೆ,

ಮೊದಲು ನನ್ನ ಅಕ್ಷರವನ್ನು ಕ್ಷಮಿಸು. ಐದನೇ ಇಯತ್ತೆಯಲ್ಲಿ ಸಾಲೆ ಬಿಟ್ಟಾಗ ಹೇಗಿತ್ತೋ ಹಾಗೇ ಇದೆ, ಬೆರಳು ಮಾತ್ರ ದೊಡ್ಡವಾಗಿವೆ. ಎಲ್ಲಿ ಒತ್ತು ಬಿಟ್ಟಿದ್ದೇನೋ, ಎಲ್ಲಿ ದೀರ್ಘ ಮರೆತಿದ್ದೇನೋ ನನಗೇ ತಿಳಿಯುವುದಿಲ್ಲ. ನೀನು ಕೆಂಪು ಪೆನ್ನು ಹಿಡಿದು ಓದಬೇಡ. ತಪ್ಪು ಸಿಕ್ಕರೆ ದಾಟಿ ಮುಂದಕ್ಕೆ ಹೋಗು, ಹೇಳಬೇಕಾದದ್ದು ಮುಂದೆ ಇದೆ.

ಬರೆಯುತ್ತೇನೆ ಎಂದು ಹೇಳಿ ಒಂದು ತಿಂಗಳಾಯಿತು. ನಾಲ್ಕು ಸಲ ಬರೆದು ಹರಿದೆ. ಫೋನ್ ಇರುವಾಗ ಕಾಗದ ಏಕೆ ಎಂದು ಕೇಳುತ್ತೀ. ನಿನ್ನ ಅತ್ತೆ ಕಾಡವ್ವನವರು ಸ್ಪೀಕರ್ ಹಚ್ಚದೆ ಯಾರ ಫೋನನ್ನೂ ಕೇಳುವವರಲ್ಲ. ನನಗೆ ಮೊದಲೇ ನಾಲ್ಕು ಮಂದಿಯ ಮುಂದೆ ಬಾಯಿ ಏಳುವುದಿಲ್ಲ. ಪಾರಿಶ್ವಾಡದ ನಿಮ್ಮ ಪಡಸಾಲೆಯಲ್ಲಿ ನನ್ನ ದನಿ ಒಂದೇ ಕೇಳುತ್ತಿದೆ, ಎಲ್ಲರೂ ಕೈಕೆಲಸ ಬಿಟ್ಟು ಕೂತಿದ್ದಾರೆ ಎಂದು ನೆನೆದರೆ 'ಊಟ ಆಯಿತೇನು' ಎಂದಷ್ಟೇ ಕೇಳಿ ಇಟ್ಟುಬಿಡುತ್ತೇನೆ.

ನಾನು ಇಲ್ಲಿ ಚೆನ್ನಾಗಿದ್ದೇನೆ. ವಡಗಾವಿಯ ಕೋಣೆ ಚಿಕ್ಕದು. ಬಾಜೂ ಮನೆಯ ಮಗ್ಗದ ಸದ್ದು ಮುಂಜಾನೆ ಆರಕ್ಕೆ ಶುರುವಾದರೆ ಗೋಡೆಗೆ ಒರಗಿದ ಬೆನ್ನಿಗೂ ತಿಳಿಯುತ್ತದೆ. ರೂಢಿಯಾಗಿದೆ. ನಿನ್ನ ವಾಂತಿ ನಿಂತಿತೇ? ಕಾಲು ಬಾಯುತ್ತವೆಯೇ? ನಡೆದರೆ ದಮ್ಮು ಹತ್ತುತ್ತದೆಯೇ? ಕೊನೆಯ ಪ್ರಶ್ನೆಗೆ ಖರೇ ಉತ್ತರ ಬರೆ.

ಅಲ್ಲಿ ಏನು ಕೆಲಸ ಮಾಡುತ್ತೀ ಎಂದು ನೀನು ಪ್ರತಿ ಸಲ ಕೇಳುತ್ತೀ, ನಾನು 'ಗ್ಲಾಸ್ ತೊಳಿತೇನಿ' ಎನ್ನುತ್ತೇನೆ. ಸುಳ್ಳಲ್ಲ. ಆದರೆ ಚಹಾದ ಗ್ಲಾಸ್ ಅಲ್ಲ. ಮೈಕ್ರೋಸ್ಕೋಪಿನ ಕೆಳಗೆ ಇಡುವ, ಉಗುರಿನಷ್ಟು ತೆಳುವಾದ, ಅಂಚೆಚೀಟಿಯಷ್ಟು ಅಗಲದ ಗಾಜಿನ ಚೂರುಗಳು. ಸಾಬೂನಿನ ನೀರು, ಆಮೇಲೆ ಸ್ಪಿರಿಟ್, ಆಮೇಲೆ ನೀರನ್ನು ನಡುಗಿಸುವ ಒಂದು ಡಬ್ಬಿ, ಆಮೇಲೆ ಮತ್ತೆ ನೀರು. ಒಂದು ಧೂಳಿನ ಕಣ ಉಳಿದರೂ ಅದು ಕತ್ತಲಲ್ಲಿ ನಕ್ಷತ್ರದ ಹಾಗೆ ಹೊಳೆದು ನೋಡುವವರಿಗೆ ಮೋಸ ಮಾಡುತ್ತದೆ.

ನಮ್ಮ ಪ್ರಯೋಗಶಾಲೆಯ ಹಿರಿಯರು ಕುಂದಾ ಮೇಡಂ. ಹೋದ ವರ್ಷ ಅಪ್ಪನ ಎದೆಯ ಆಪರೇಷನ್ ಆದಾಗ, ದಪ್ಪಗಾಗಿ ರಕ್ತಕ್ಕೆ ಅಡ್ಡ ಬಂದಿದ್ದ ಮಾಂಸವನ್ನು ತೆಗೆದರಲ್ಲ, ಆ ತುಂಡನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಲು ಬಂದವರು ಅವರೇ. 'ತಗದದ್ದನ್ನ ತಗೊಂಡ ಹೋಗ್ರಿ ಬಾಯಾರ, ತಿರುಗಿ ಹಚ್ಚಬ್ಯಾಡ್ರಿ ಅಂದ್ರ ಆತು' ಎಂದು ಅಪ್ಪ ಅವರನ್ನು ನಗಿಸಿದ್ದ. ತಮ್ಮ ಚೇತನ ಹೋದ ಮೇಲೆ ಮನೆಯಲ್ಲಿ ನನ್ನ ಕೈಗೆ ಕೆಲಸ ಉಳಿಯಲಿಲ್ಲ. ಅವನಿಗೆ ನೀರು ಕಾಯಿಸುವುದಿಲ್ಲ, ಬುತ್ತಿ ಕಟ್ಟುವುದಿಲ್ಲ, ಬೆವರಿನ ಬನಿಯನ್ ಒಗೆಯುವುದಿಲ್ಲ. ಮಾರ್ಚಿನಲ್ಲಿ ನಾನೇ ಧೈರ್ಯ ಮಾಡಿ ಮೇಡಂಗೆ ಕೆಲಸ ಕೇಳಿ ಫೋನು ಮಾಡಿದೆ.

ಅವರು ನೋಡುವುದು ಎದೆಯ ಮಾಂಸದ ಒಂದೊಂದು ಎಳೆಯನ್ನು. ಎಳೆಯಲ್ಲ, ಎಳೆಯೊಳಗೆ ಎಳೆಯುವವರನ್ನು. ನಮ್ಮ ಎದೆ ಒಂದೇ ಯಂತ್ರ ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಆಳುಗಳು ಹಗ್ಗ ಜಗ್ಗುತ್ತಿರುತ್ತಾರೆ. ಮೇಡಂ ಕೈಕೆಳಗೆ ಕಲಿಯುವ ಅಜಿಂಕ್ಯ ಸರ್ ಈ ಆಳುಗಳಿಗೆ ಮಯೋಸಿನ್ ಎನ್ನುತ್ತಾರೆ. ಪ್ರತಿ ಆಳಿಗೂ ಕೆಲಸಕ್ಕೆ ಒಂದು ತುತ್ತು ಬೇಕು. ಸರ್ ಆ ತುತ್ತಿಗೆ ಬಣ್ಣ ಹಚ್ಚಿ, ಹಸಿರು ಬೆಳಕು ಬಿಟ್ಟು, ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ನೋಡುತ್ತಾರೆ. ಕಪ್ಪಿನೊಳಗೆ ಚುಕ್ಕೆಗಳು ಹತ್ತುತ್ತವೆ, ಆರುತ್ತವೆ. ಒಂದು ಚುಕ್ಕೆ ಎಂದರೆ ಒಬ್ಬ ಆಳಿನ ಕೈಯಲ್ಲಿ ಒಂದು ತುತ್ತು. ಬೇಗ ಆರಿದರೆ ಆ ಆಳು ತಿಂದು ಕೆಲಸಕ್ಕೆ ಎದ್ದ. ಎರಡು ಮೂರು ನಿಮಿಷ ಹಾಗೇ ಹೊಳೆಯುತ್ತಿದ್ದರೆ ತುತ್ತನ್ನು ಹಿಡಿದುಕೊಂಡು ದಣಿವು ಆರಿಸಿಕೊಳ್ಳುತ್ತಿದ್ದಾನೆ.

ಮೊದಲ ಸಲ ನೋಡಿದಾಗ ನನ್ನ ಬಾಯಿಂದ ತಾನಾಗಿ ಬಂತು: 'ಸರ್, ಇಂವ ಬುತ್ತಿ ಹಿಡಕೊಂಡು ಕುಂತಾನ್ರಿ.' ಅಪ್ಪನ ಹಂಚಿನ ಕಾರ್ಖಾನೆಗೆ ಬುತ್ತಿ ಒಯ್ದಾಗ ನೋಡುತ್ತಿದ್ದೆವಲ್ಲ, ಕೆಲವರು ಭಟ್ಟಿಯ ಬಾಯಲ್ಲೇ ನಿಂತು ರೊಟ್ಟಿ ಮುರಿಯುವರು, ಕೆಲವರು ಮರದ ಕೆಳಗೆ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುವರು. ಸರ್ ಮನೆಯಲ್ಲಿ ಮರಾಠಿ, ಕನ್ನಡ ಓಣಿಯಲ್ಲಿ ಕಲಿತದ್ದು. 'ಬುತ್ತಿ! ಭಾರೀ ಶಬ್ದ ಕೊಟ್ಟೆ ಗೌರಾಬಾಯಿ' ಎಂದರು. ಈಗ ಇಡೀ ಪ್ರಯೋಗಶಾಲೆ ಬುತ್ತಿ ಎನ್ನುತ್ತದೆ. ಎಣಿಸುವುದು ಕಂಪ್ಯೂಟರ್, ಆದರೆ ಅದು ಸರಿ ಎಣಿಸಿತೋ ಇಲ್ಲವೋ ಎಂದು ಒಂದಿಷ್ಟು ಚುಕ್ಕೆಗಳನ್ನು ಕಣ್ಣಿನಿಂದ ನೋಡಿ ತಾಳೆ ಹಾಕಬೇಕು. ಆ ಕೆಲಸ ನನಗೆ ಕೊಟ್ಟಿದ್ದಾರೆ. 'ಕುಂತ, ಕುಂತ, ಎದ್ದ' ಎನ್ನುತ್ತಾ ಗೆರೆ ಎಳೆಯುತ್ತೇನೆ. ಅಕ್ಕಿಯಲ್ಲಿ ಹರಳು ಹುಡುಕಿದ ಕಣ್ಣು, ತಪ್ಪುವುದಿಲ್ಲ. ಚುಕ್ಕೆ ಓದಲು ಸಾಲೆ ಬೇಕಿಲ್ಲ ಅಕ್ಕಾ.

ಒಳ್ಳೆಯ ಎದೆಯಲ್ಲಿ ಬಹಳ ಮಂದಿ ಕೂತಿರುತ್ತಾರೆ. ಬೇಕಾದಾಗ ಮಾತ್ರ ಏಳುತ್ತಾರೆ. ಅಪ್ಪನಂಥ ಕಾಯಿಲೆಯ ಎದೆಯಲ್ಲಿ ಕೂರುವವರೇ ಕಡಿಮೆ, ಎಲ್ಲರೂ ದುಡಿದೂ ದುಡಿದೂ ಗೋಡೆ ದಪ್ಪ ಮಾಡಿಬಿಡುತ್ತಾರೆ. ಮಾಂಸದ ತುಂಡು ಇಟ್ಟ ಡಬ್ಬಿಗಳ ಮೇಲೆ ರೋಗಿಯ ಹೆಸರಿಲ್ಲ, ನಂಬರು ಅಷ್ಟೇ. ಏಳನೇ ನಂಬರಿನದು ಎಲ್ಲಕ್ಕಿಂತ ಜೋರು. 'ನೋಡ್ ಗೌರಾಬಾಯಿ, ಡಬ್ಬಿ ಮ್ಯಾಲೆ ಏಳು ಅಂತ ಬರದೇವಿ. ಒಳಗಿನ ಮಂದಿ ಖರೇನ ತಿಳಕೊಂಡು ಎಲ್ಲಾರೂ ಎದ್ದ ನಿಂತಾರ!' ಎಂದು ಸರ್ ನಗುತ್ತಾರೆ. ಅದು ಯಾರದೆಂದು ನಾನು ಕೇಳಿಲ್ಲ, ಅವರು ಹೇಳುವಂತೆಯೂ ಇಲ್ಲ. ಆದರೆ ಭಟ್ಟಿ ಆರೀತು ಎಂದು ಒಂದು ದಿನವೂ ಕೂತು ಉಣ್ಣದ ನಮ್ಮಪ್ಪ ಬಾಳಪ್ಪನದೇ ಅದು ಎನ್ನುತ್ತದೆ ನನ್ನ ಮನಸ್ಸು.

ಆ ಕೋಣೆಯ ಒಂದು ರೀತಿ ಮಾತ್ರ ನನಗೆ ಕಷ್ಟ. ಚಿತ್ರ ತೆಗೆಯುವಾಗ ಹೊರಗೆ ಕೆಂಪು ದೀಪ ಹತ್ತುತ್ತದೆ. ಅದು ಆರುವವರೆಗೆ ಬಾಗಿಲು ತೆಗೆಯುವಂತಿಲ್ಲ, ಏಳುವಂತಿಲ್ಲ, ಕಾಲು ಅಲುಗಿಸುವಂತಿಲ್ಲ. ನೆಲ ನಡುಗಿದರೆ ಚಿತ್ರ ಕೆಡುತ್ತದೆ. ಕಿಟಕಿಗೆ ಕರಿ ಹಾಳೆ. ಉಸಿರನ್ನೂ ಸಣ್ಣದಾಗಿ ಬಿಡುತ್ತೇನೆ.

ಈಗ ಬರೆಯಬೇಕಾದದ್ದು. ಅಕ್ಕಾ, ಸೀಮಂತದ ಕುಬಸಕ್ಕೆ ಮೊದಲು ಒಂದು ಸಲ ನಿನ್ನ ಎದೆಯ ಸ್ಕ್ಯಾನ್ ಮಾಡಿಸಿಕೋ. ಹೊಟ್ಟೆಯದಲ್ಲ, ಎದೆಯದು. ಎಕೋ ಎನ್ನುತ್ತಾರೆ. ನೋವಿಲ್ಲ, ಸೂಜಿಯಿಲ್ಲ, ಅರ್ಧ ತಾಸು. ಅಪ್ಪನ ಕಾಯಿಲೆ ರಕ್ತದಲ್ಲಿ ಮಕ್ಕಳಿಗೂ ಬರಬಹುದಂತೆ, ಇಲ್ಲಿ ಮಾತಾಡುತ್ತಾರೆ. ನಿನ್ನ ಯಜಮಾನರಾದ ಸೋಮಲಿಂಗ ಮಾವನವರಿಗೆ ಹೇಳಿ ಬೆಳಗಾವಿಗೆ ಬಾ. ನಾನು ಕರೆದುಕೊಂಡು ಹೋಗುತ್ತೇನೆ.

ಮೊನ್ನೆ ಖಾನಾಪುರ ಬಸ್ ನಿಲ್ದಾಣದಲ್ಲಿ ತಮ್ಮಣ್ಣ ಕಾಕಾ ಸಿಕ್ಕಿದ್ದರು. ತಾಲೂಕು ಕಚೇರಿಯ ಚೀಲ ಹೆಗಲಿಗೆ, ಅದೇ ನಗು. 'ನನ್ನ ಎದಿ ಪಾಸಾಗಿ ವರ್ಷ ಆತವಾ, ಸರ್ಕಾರಿ ಎದಿ ಇದು, ರಿಟೈರ್ ಆಗೂಮಟಾ ನಿಲ್ಲೂದಿಲ್ಲ' ಎಂದು ಎದೆ ಬಡಿದುಕೊಂಡು ತೋರಿಸಿದರು. ಸುತ್ತ ನಿಂತವರೆಲ್ಲ ನಕ್ಕರು.

ಹೊಟ್ಟೆಯಲ್ಲಿರುವ ಕೂಸಿಗೆ ಅದರ ಚಿಕ್ಕವ್ವನ ಮುತ್ತು.

ನಿನ್ನ ತಂಗಿ
ಗೌರವ್ವ


ಬೆಳಗಾವಿ
24 ಅಕ್ಟೋಬರ್ 2025, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ದೀಪಾವಳಿಗೆ ನಾನು ಊರಿಗೆ ಹೋದಾಗ ನೀನು ಮಾಡಿದ ಫೋನಿನಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ, ತಪ್ಪು ತಿಳಿಯಬೇಡ. ನೀನು 'ಏನ ಗೌರಿ, ಎದಿ ಸ್ಕ್ಯಾನ್ ಅಂತ ಯಾಕ ಬರದೀ' ಎಂದು ಕೇಳುವಷ್ಟರಲ್ಲೇ ಹಿಂದಿನಿಂದ ಕಾಡವ್ವ ಅತ್ತೆಯ ದನಿ ಬಂತು. 'ನಿನ್ನ ತಂಗಿ ಗ್ಲಾಸ್ ತೊಳ್ಯಾಕ ಹೋಗಿ ಡಾಕ್ಟರಬಾಯಿ ಆಗ್ಯಾಳೇನ? ಬಸರಿ ಹೆಣಮಗಳನ್ನ ಎದಿ ಬ್ಯಾನಿ ಅಂತ ಬೆಳಗಾವಿ ದವಾಖಾನಿ ತಿರಗಸಿದ್ರ ಮಂದಿ ಏನಂದಾರು? ಅಪ್ಪಗ ಇತ್ತು ಅಂದ್ರ ಸೊಸಿಗೂ ಅಂಟೇತಿ ಅಂತಾರ.' ಅವರು ಕೆಟ್ಟವರಲ್ಲ. ನಿನಗೆ ತುಪ್ಪ ಹಾಕಿ ಉಣ್ಣಿಸುತ್ತಾರೆ ಎಂದು ನೀನೇ ಹೇಳಿದ್ದೀ. ಆದರೆ ಅವರ ದನಿ ಕೇಳಿದ ಕೂಡಲೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ನೀನು ಆಡಿದ ಮಾತು. 'ಹಂಗೇನರೆ ಇದ್ದಿದ್ರ ಅಪ್ಪನ ದವಾಖಾನಿಯವ್ರು ಬರದು ಕೊಡತಿದ್ದಿಲ್ಲೇನು? ಬರದು ಕೊಟ್ಟದ್ದನ್ನ ನೀನ ಓದಿದ್ದೆಲ್ಲಾ. ತಮ್ಮಣ್ಣ ಕಾಕಾ ತಪಾಸಣಿ ಮಾಡಿಸ್ಕೋಬೇಕು ಅಂತ ಅಷ್ಟ ಇತ್ತು ಅಂದಿದ್ದಿ.' ನೀನು ಬೇಕೆಂದು ಅನ್ನಲಿಲ್ಲ. ನಾನು ಫೋನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಲೆಯ ಮೇಲೆ ಹೋಳಿಗೆ ಸೀದಿತು. 'ಹೌದು, ಸುಮ್ನ ಅಂದೆ' ಎಂದು ಹೇಳಿ ಇಟ್ಟೆ.

ಸುಮ್ಮನೆ ಅಂದದ್ದಲ್ಲ ಅಕ್ಕಾ. ಇನ್ನೊಂದು ಸಲ ಬರೆಯುತ್ತೇನೆ: ನೀನು ಸ್ಕ್ಯಾನ್ ಮಾಡಿಸಲೇಬೇಕು. ಏಕೆ ಎಂದು ಈಗ ಕೇಳಬೇಡ.

ಮನೆಯ ಸುದ್ದಿ ಹೇಳುತ್ತೇನೆ. ಅಪ್ಪ ಮೇಲುಮೇಲೆ ಆರಾಮ ಇದ್ದಾನೆ, ಔಷಧ ತಪ್ಪಿಸುವುದಿಲ್ಲ. ಕಾರ್ಖಾನೆಯ ಗೆಳೆಯರು ಬಂದರೆ ಕಟ್ಟೆಯ ಮೇಲೆ ಕೂತು ಮಾತಾಡುತ್ತಾನೆ. ಮೊದಲ ಸಲ ಅವನು ಕೂತದ್ದನ್ನು ನೋಡಿದೆ. ಪಾಡ್ಯದ ದಿನ ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ, ಪಡಸಾಲೆಯಲ್ಲಿ ಬ್ರಷ್ ಉಜ್ಜುವ ಸಪ್ಪಳ ಕೇಳಿತು. ಚೇತನನ ಓಡುವ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಅಪ್ಪ ಒರೆಸುತ್ತಿದ್ದ. ತಳದ ಸಂದಿಗಳಲ್ಲಿ ಇನ್ನೂ ಆ ರಸ್ತೆಯ ಕೆಂಪು ಮಣ್ಣಿದೆ. ಅದನ್ನು ಮಾತ್ರ ತೆಗೆಯುವುದಿಲ್ಲ.

ನನ್ನನ್ನು ನೋಡಿ ಹೇಳಿದ: 'ಬೂಟ್ ಬ್ಯಾಡ ಅಂದಿದ್ದ ಅಂವ. ಚಪ್ಪಲಿ ಕಳದ ಬರಿಗಾಲಿಲೆ ಓಡತೇನಿ, ಮಿಲ್ಟ್ರಿಯವ್ರು ಸೇರಿಸ್ಕೊಂಡ ಮ್ಯಾಲೆ ಅವ್ರ ಕೊಡತಾರ ಅಂದ. ನಾನ ಹಟ ಮಾಡಿ ಕೊಡಿಸಿದೆ. ದಿನಾ ಐದು ಗಂಟೇಕ ನಾನ ಎಬ್ಬಸತಿದ್ದೆ. ಏಳೋ, ಏಳೋ ಅಂತ.' ಆಮೇಲೆ ಮೆಲ್ಲಗೆ, 'ನಾ ಓಡಿಸಿ ಕೊಂದೆ' ಎಂದ.

ನಾನು ಕಂಬ ಹಿಡಿದು ನಿಂತೆ. ಅಪ್ಪಾ ನೀನಲ್ಲ ಎನ್ನಬೇಕಿತ್ತು. ಅಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಮತ್ತ್ಯಾರು ಎಂದು. ಅವನು ಕೇಳದಿದ್ದರೂ ನಾನು ಹೇಳಬೇಕಾಗುತ್ತಿತ್ತು. ಅವ್ವ ಒಳಗಿನಿಂದ, 'ಯಾಕ, ಮತ್ತ ಆ ಬೂಟ್ ತಗದ್ಯಾ? ಮುಂಜಾನೆ ಥಂಡಿ ಗಾಳಿ ಬಡದು ಹೋದ ಅಂವ, ಹಣೇಬಾರ. ಬಿಡು' ಎಂದಳು. ಅವಳಿಗೆ ಗಾಳಿ, ಅಪ್ಪನಿಗೆ ಬೂಟು. ಒಬ್ಬೊಬ್ಬರು ಒಂದೊಂದು ಹಿಡಿದುಕೊಂಡಿದ್ದಾರೆ, ಬಿಡಿಸಿ ನನ್ನ ಕೈಗೆ ತೆಗೆದುಕೊಳ್ಳಲು ನನಗೆ ಆಗುತ್ತಿಲ್ಲ.

ಬರುವಾಗ ಅವ್ವ ಬೆಂಡುಬತ್ತಾಸು, ಕರಿಗಡಬು ಕಟ್ಟಿದಳು. ನಾನು ಕೇಳದೆ ಒಂದನ್ನು ತಂದಿದ್ದೇನೆ. ಟ್ರಂಕಿನಲ್ಲಿ ಅಪ್ಪನ ಆಪರೇಷನ್ ಕಾಗದಗಳ ಪ್ಲಾಸ್ಟಿಕ್ ಚೀಲವಿತ್ತು, ಅದರಿಂದ ಒಂದು ಹಾಳೆ. ಈಗ ನನ್ನ ದಿಂಬಿನ ಕೆಳಗೆ ಇದೆ. ಬೆಳಗಾವಿಗೆ ಬಂದು ಎರಡು ದಿನವಾದರೂ ಬಿಚ್ಚಿ ನೋಡಿಲ್ಲ.

ಕುಬಸಕ್ಕೆ ಹಸಿರು ಬಳೆ ತರಲು ನನಗೆ ಹೇಳಿದ್ದೀ. ಖಡೇಬಜಾರದಲ್ಲಿ ನೋಡಿದ್ದೇನೆ. ನಿನ್ನ ಕೈ ಅಳತೆ ಈಗ ಬದಲಾಗಿರಬೇಕು, ದಾರ ಸುತ್ತಿ ಅಳೆದು ಕಳಿಸು.

ನಿನ್ನ ತಂಗಿ
ಗೌರವ್ವ


ಬೆಳಗಾವಿ
2 ನವೆಂಬರ್ 2025, ರವಿವಾರ

ಅಕ್ಕಾ,

ಬಳೆಯ ಅಳತೆಯ ದಾರ ಬಂತು. ಅದರ ಜೊತೆ ನೀನು ಬರೆದ ಒಂದು ಸಾಲೂ ಬಂತು: 'ಮೆಟ್ಟಿಲು ಹತ್ತಿದರೆ ಸ್ವಲ್ಪ ಎದೆ ಹೊಡೆದುಕೊಳ್ಳುತ್ತದೆ, ಅದು ಎಲ್ಲ ಬಸುರಿಯರಿಗೂ ಆಗುತ್ತದೆ ಎನ್ನುತ್ತಾರೆ ಅತ್ತೆ.' ಆಗಬಹುದು. ಅತ್ತೆ ಹೇಳಿದ್ದೇ ಸರಿ ಇರಲಿ. ಆದರೆ ಅದನ್ನು ಓದಿದ ಮೇಲೆ ನನಗೆ ಇನ್ನು ಸುಮ್ಮನಿರಲು ಬರುವುದಿಲ್ಲ. ನಿನ್ನೆ ರಾಜ್ಯೋತ್ಸವದ ಮೆರವಣಿಗೆಯ ಡೊಳ್ಳು ಓಣಿಯ ತುದಿಯಲ್ಲಿ ಬಾರಿಸುತ್ತಿತ್ತು. ನಾನು ಬಾಗಿಲು ಹಾಕಿಕೊಂಡು ಈ ಕಾಗದವನ್ನು ಮನಸ್ಸಿನಲ್ಲಿ ಬರೆದೆ. ಇವತ್ತು ಕೈಯಿಂದ ಬರೆಯುತ್ತಿದ್ದೇನೆ.

ಗಣಪತಿ ಕಳಿಸಿದ ಮರುವಾರ ಮೇಡಂ ಒಂದು ಹಾಳೆ ಹಿಡಿದು ಬಂದರು. ರೋಗಿಗಳ ಮನೆಯವರಿಗೆ ಕೊಡುವ ತಿಳುವಳಿಕೆ ಪತ್ರವಂತೆ, ಕನ್ನಡದಲ್ಲಿ. 'ಗೌರವ್ವ, ಇದನ್ನ ಗಟ್ಟಿಯಾಗಿ ಓದು. ನಿನಗ ತಿಳೀತು ಅಂದ್ರ ಎಲ್ಲಾರಿಗೂ ತಿಳೀತೈತಿ' ಎಂದರು. ನನಗೆ ಹಿಗ್ಗು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನಡುವೆ ಒಂದು ಸಾಲು ಬಂತು, 'ರೋಗಿಯ ಪ್ರಥಮ ದರ್ಜೆಯ ಸಂಬಂಧಿಕರು ಹೃದಯದ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.' ಈ ಸಾಲು ನನಗೆ ಪರಿಚಯದ್ದು. ಅಪ್ಪನನ್ನು ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿಯೂ ಹೀಗೇ ಇತ್ತು.

'ಅಂದ್ರ ಯಾರು?' ಎಂದರು ಮೇಡಂ.

'ತಾಲೂಕ ಆಫೀಸಿನಾಗ ಪ್ರಥಮ ದರ್ಜೆ ಸಹಾಯಕ ಅಂತ ಇರ್ತಾರೆಲ್ರೀ. ಸಂಬಂಧದಾಗ ಅಂಥಾ ನೌಕರಿ ಇದ್ದಾವ್ರು.'

ಅಜಿಂಕ್ಯ ಸರ್ ಕುರ್ಚಿಯಿಂದ ಬೀಳುವ ಹಾಗೆ ನಕ್ಕರು. 'ಅರೇ ದೇವಾ! ಹಂಗಾದ್ರ ಪ್ಯೂನ್ ಮಂದೀಗೆ ಹಾರ್ಟ್ ಇಲ್ಲ ಏನು?' ಮೇಡಂಗೂ ನಗು ತಡೆಯಲಿಲ್ಲ. ಆಮೇಲೆ ಅವರಿಗೇ ಬೈದರು, 'ನಗಬ್ಯಾಡೋ, ತಪ್ಪು ಆಕೀದಲ್ಲ. ಇಂಥಾ ಕನ್ನಡ ಬರದಾವ್ರದು.' ನನ್ನ ಕಡೆ ತಿರುಗಿ ಬೆರಳು ಮಡಚಿ ಹೇಳಿದರು: 'ಪ್ರಥಮ ದರ್ಜೆ ಅಂದ್ರ ಭಾಳ ಹತ್ತಿರದ ರಕ್ತ ಅಂತ. ಅಪ್ಪ, ಅವ್ವ, ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳು. ಅಪ್ಪಗ ಬ್ಯಾನಿ ಇದ್ರ ಒಂದೊಂದು ಮಗೂಗೂ ಅರ್ಧಕ್ಕರ್ಧ ಬರೂ ಸಂಭವ ಇರ್ತೈತಿ. ಅದಕ್ಕ ಮಕ್ಕಳನ್ನ ಮೊದಲ ನೋಡಬೇಕು. ಅದ್ರಾಗೂ ಓಡೂ ಆಡೂ ಹುಡುಗೂರನ್ನ.'

ನಾನೂ ನಕ್ಕೆ ಅಕ್ಕಾ. ಅವರೊಂದಿಗೆ ನಕ್ಕೆ. ಆಮೇಲೆ ಸರ್ 'ಬಾ, ಚಿತ್ರ ತೆಗೆಯೋಣ' ಎಂದು ಕರೆದರು. ಒಳಗೆ ಹೋಗಿ ಕೂತೆ, ಹೊರಗೆ ಕೆಂಪು ದೀಪ ಹತ್ತಿತು. ಒಂದು ತಾಸು ಏಳುವಂತಿಲ್ಲ. ಪರದೆಯ ಮೇಲೆ ಏಳನೇ ನಂಬರು. ಚುಕ್ಕೆ ಹತ್ತುವುದು, ಆರುವುದು. 'ಎದ್ದ, ಎದ್ದ, ಎದ್ದ' ಎಂದು ಗೆರೆ ಎಳೆಯುತ್ತಾ ಹೋದೆ. ಒಂದೂ ತಪ್ಪಲಿಲ್ಲವಂತೆ, ಸರ್ ಮರುದಿನ ತಾಳೆ ನೋಡಿ ಹೊಗಳಿದರು.

ಆಪರೇಷನ್ ಆದ ಮೇಲೆ ಹೋದ ವರ್ಷ ಆಗಸ್ಟಿನಲ್ಲಿ, ಮನೆಯ ಪಡಸಾಲೆಯಲ್ಲಿ ಆ ಕಾಗದವನ್ನು ಓದಿದವಳು ನಾನು. ಪ್ರಥಮ ದರ್ಜೆ ಎಂದ ಕೂಡಲೆ ನನಗೆ ತಮ್ಮಣ್ಣ ಕಾಕಾ ಅಲ್ಲದೆ ಬೇರೆ ಯಾರೂ ಹೊಳೆಯಲಿಲ್ಲ. ನಮ್ಮ ಬಳಗದಲ್ಲಿ ಆ ಹೆಸರಿನ ನೌಕರಿ ಇರುವವರು ಅವರೊಬ್ಬರೇ ಅಲ್ಲವೇ. 'ದೊಡ್ಡ ಮಂದೀಗೆ ಈ ಬ್ಯಾನಿ ಬರತೈತಿ ಕಾಣ್ತದ, ನಮ್ಮಂಥಾವ್ರಿಗಲ್ಲ' ಎಂದು ಅವ್ವ ನಿಟ್ಟುಸಿರು ಬಿಟ್ಟಳು. ಅಪ್ಪ ಕಾಕಾಗೆ ಫೋನು ಮಾಡಿದ. ಕಾಕಾ ಹೆದರಿ ಮರುದಿನವೇ ರಜೆ ಹಾಕಿ ತಪಾಸಣೆ ಮಾಡಿಸಿಕೊಂಡರು. ಅಪ್ಪನ ಅಜ್ಜನ ತಮ್ಮನ ಮೊಮ್ಮಗ ಅವರು! ಆಗ ಅದೇ ಮನೆಯಲ್ಲಿ ಮೂರು ಹೊತ್ತು ಉಂಡು, ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಿದ್ದವನನ್ನು ಯಾರೂ ತೋರಿಸಲಿಲ್ಲ. ಜನವರಿಯಲ್ಲಿ ಅವನು ರಸ್ತೆಯ ಮೇಲೆ ಬಿದ್ದ. ಹದಿನೇಳು ವರ್ಷ. 'ಕೊಯ್ಯಬ್ಯಾಡ್ರಿ, ಇದ್ದಂಗ ಕೊಡ್ರಿ' ಎಂದು ಅವ್ವ ಡಾಕ್ಟರ ಕಾಲು ಹಿಡಿದಳು, ಹಾಗೇ ತಂದು ಕೂರಿಸಿ ಮಣ್ಣು ಕೊಟ್ಟೆವು.

ನೀನು ಪಿಯುಸಿ ಓದಿದವಳು. ಆ ದಿನ ನೀನು ಇದ್ದಿದ್ದರೆ ತಿಳಿಯುತ್ತಿತ್ತು. ಅವ್ವ ಬಿದ್ದು ಸೊಂಟ ಮುರಿದಾಗ ಯಾರಾದರೊಬ್ಬರು ಸಾಲೆ ಬಿಡಬೇಕಿತ್ತು, ನೀನು ಶಾಣ್ಯಾ ಇದ್ದಿ, ನಾನು ಬಿಟ್ಟೆ. ಅದಕ್ಕೆ ನನಗೆ ಯಾವತ್ತೂ ಬೇಸರ ಇರಲಿಲ್ಲ. ಚೇತನನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದೆ, ಅದೇ ನನ್ನ ಸಾಲೆ ಎಂದುಕೊಂಡಿದ್ದೆ.

ಮೊನ್ನೆ ಗುರುವಾರ ಮೇಡಂ ಮುಂದೆ ಎಲ್ಲ ಹೇಳಿದೆ. ನಿಂತು ಹೇಳಲಾಗದೆ ಗಾಜು ತೊಳೆಯುತ್ತಾ ಹೇಳಿದೆ. ಅವರು ನಲ್ಲಿ ಬಂದ್ ಮಾಡಿದರು. 'ನಿನ್ನ ತಮ್ಮಗ ಅದ ಆಗಿತ್ತು ಅಂತ ಖಾತ್ರಿ ಹೇಳಾಕ ಬರೂದಿಲ್ಲವಾ' ಎಂದರು. ಆ ಮಾತಿನ ಮೇಲೆ ಒಂದು ರಾತ್ರಿ ಒರಗಿ ನೋಡಿದೆ, ಅದು ನನ್ನ ಭಾರ ಹೊರಲಿಲ್ಲ. ಮರುದಿನ ಅವರೇ ನನ್ನನ್ನು ಎಕೋ ಮಾಡುವಲ್ಲಿಗೆ ಕರೆದೊಯ್ದರು. ನನ್ನ ಎದೆ ಚೊಕ್ಕವಾಗಿದೆಯಂತೆ. ಗೋಡೆ ದಪ್ಪವಿಲ್ಲ, ಏನೂ ಇಲ್ಲ. 'ಖುಷಿ ಪಡು' ಎಂದರು ಆ ಡಾಕ್ಟರು. ನನಗೆ ಹೇಗೆ ನಿಲ್ಲಬೇಕೆಂದೇ ತಿಳಿಯಲಿಲ್ಲ.

ಅದಕ್ಕೇ ಈಗ ನೀನು. ನನಗೆ ಬರಲಿಲ್ಲ ಎಂದರೆ ನಿನಗೆ ಬಂದೇ ಇದೆ ಎಂದಲ್ಲ, ಒಬ್ಬೊಬ್ಬರದು ಬೇರೆ ಬೇರೆ ಎಂದು ಸರ್ ಬಿಡಿಸಿ ಹೇಳಿದ್ದಾರೆ. ಬಂದಿದ್ದರೂ ಹೆದರಬಾರದಂತೆ. 'ಮೊದಲ ಗೊತ್ತಿದ್ರ ಡಾಕ್ಟರು ಕಣ್ಣಿಟ್ಟು ಹೆರಿಗಿ ಮಾಡಸ್ತಾರ, ಭಾಳ ಮಂದಿ ಸುಸೂತ್ರ ಹಡೀತಾರ. ಗೊತ್ತಿಲ್ಲದ ಇರೂದು ಕೆಟ್ಟದ್ದು' ಎಂದರು ಮೇಡಂ. ಬರುವ ಹತ್ತನೇ ತಾರೀಖು ಸೋಮವಾರ ಹನ್ನೊಂದಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಸೋಮಲಿಂಗ ಮಾವನವರಿಗೆ ಈ ಕಾಗದವನ್ನೇ ಓದಲು ಕೊಡು. ಕಾಡವ್ವ ಅತ್ತೆಗೂ ಓದಿ ಹೇಳು, ಗಟ್ಟಿಯಾಗಿ, ಪಡಸಾಲೆಯಲ್ಲಿ. ನನ್ನ ಮರ್ಯಾದೆ ನೋಡಬೇಡ. ಆಮೇಲೆ ಅಪ್ಪನಿಗೂ ಹೇಳಬೇಕು, ಬೂಟಿನ ಮಾತು ಅವನ ತಲೆಯಿಂದ ಇಳಿಯಬೇಕು. ಅದನ್ನು ನಾನೇ ಹೋಗಿ ಹೇಳುತ್ತೇನೆ. ಆ ದಿನ ನೀನು ನನ್ನ ಜೊತೆ ಬರುತ್ತೀಯೋ ಇಲ್ಲವೋ ಎಂದು ಕೇಳುವ ಹಕ್ಕು ನನಗಿಲ್ಲ.

ಬಳೆ ಕೊಂಡಿದ್ದೇನೆ. ಬಸವಣ್ಣ ನಿನ್ನನ್ನೂ ನಿನ್ನ ಕೂಸನ್ನೂ ಕಾಯಲಿ. ಆ ಕೂಸಿಗೆ ಓದಲು ಕಲಿಸುವಾಗ, ತಿಳಿಯದ್ದನ್ನು ತಿಳಿಯಲಿಲ್ಲ ಎನ್ನುವುದನ್ನು ಮೊದಲು ಕಲಿಸು.

ನಿನ್ನ
ಗೌರವ್ವ

ವಿ.ಸೂ.: ಕಾಗದ ಮುಗಿಸಿ ಲಕೋಟೆ ಅಂಟಿಸಬೇಕೆಂದಿದ್ದೆ, ಆಗಲಿಲ್ಲ. ಮೇಲೆ ಬರೆದದ್ದೆಲ್ಲ ಖರೇ. ಆದರೆ ತಪ್ಪು ಓದಿದ್ದನ್ನು ಮೇಡಂ ಹೇಳಿದ ಹಾಗೆ ಬರೆದವರ ಮೇಲೆ ಹಾಕಬಹುದು, ಇದನ್ನು ಹಾಕಲು ಬರುವುದಿಲ್ಲ.

ಆ ದಿನ ಚೇತನ ಕಾಲೇಜಿನಿಂದ ಬಂದ. ನಾನು ಕಂಬದ ಹತ್ತಿರ ಕೂತು ಓದುತ್ತಿದ್ದೆ, ಅಪ್ಪ, ಅವ್ವ ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಬಾಳಿನಲ್ಲಿ ಅಂಥದೊಂದು ಸಲ ಆಗಿರಲಿಲ್ಲ. ಮನೆಗೆ ಬಂದ ಕಾಗದವನ್ನು ಮೊದಲು ನೀನು ಓದುತ್ತಿದ್ದಿ, ನೀನು ಹೋದ ಮೇಲೆ ಅವನು. ಅವನು ಕೈ ಚಾಚಿ, 'ಸಣ್ಣಕ್ಕಾ, ತಾ ಇಲ್ಲೆ, ನಾ ಒಂದ ಸಲ ಓದತೇನಿ' ಎಂದ. ನಾನು ಕಾಗದವನ್ನು ಬೆನ್ನ ಹಿಂದೆ ಹಿಡಿದೆ. 'ಯಾಕ, ನನಗ ಓದಾಕ ಬರೂದಿಲ್ಲೇನ?' ಎಂದೆ. ಅವನು ನಕ್ಕ. 'ಬರತೈತಿ ಬಿಡವಾ ಮಾಸ್ತರಬಾಯಿ' ಎಂದು ನನ್ನ ಜಡೆ ಜಗ್ಗಿ, ಬೂಟು ಹಾಕಿಕೊಂಡು ಓಡಲು ಹೋದ. ನಾನು ಆ ಹಾಳೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಅದೇ ಹಾಳೆ ಇದರೊಳಗೆ ಇದೆ, ಸೋಮವಾರ ಡಾಕ್ಟರಿಗೆ ತೋರಿಸು. ಇವತ್ತು ಮುಂಜಾನೆ ಮಗ್ಗ ಶುರುವಾಗುವ ಮೊದಲು ಎದ್ದು ಅದನ್ನು ಬಿಚ್ಚಿದೆ. ಆ ಸಾಲಿನ ಕೆಳಗೆ ಖಾಲಿ ಜಾಗ ಇತ್ತು. ಯಾರು ಓದಿದರೂ ತಪ್ಪು ತಿಳಿಯಬಾರದು ಎಂದು ಪೆನ್ಸಿಲಿನಿಂದ ಹೆಸರು ಬರೆದೆ: ಸಾಕ್ಷಿ, ಗೌರವ್ವ, ಚೇತನ. ಮೂರನೆಯದನ್ನು ಅಳಿಸಬೇಕೆಂದು ರಬ್ಬರ್ ತೆಗೆದುಕೊಂಡೆ. ಅಳಿಸದೆ ಕೆಳಗಿಟ್ಟೆ.